ಬಾಲವುಳ್ಳ ಕ್ರಿಯಾಪದಗಳೂ ಸೀಟು ಹಿಡಿದ ಚೀಲವೂ

ಐವತ್ತು ದಾಟಿದ ಮೇಲೆ ಇಂಗ್ಲಿಷ್ ಕಲಿಯಲು ಹೊರಟವನನ್ನು ಯಾರೂ ತಡೆಯಬಾರದು. ಅವನು ತಾನಾಗಿಯೇ ಬಿದ್ದು ಏಳಬೇಕು. ನಾನು ಬಿದ್ದಾಗಿದೆ, ಏಳುವುದಷ್ಟೇ ಬಾಕಿ. ಜಮಖಂಡಿಯಲ್ಲಿ ಕ್ರಿಮಿನಾಶಕದ ಅಂಗಡಿಯೊಂದರ ಮಾಳಿಗೆಯ ಮೇಲೆ ಇಂಗ್ಲಿಷ್ ಕ್ಲಾಸು ನಡೆಯುತ್ತದೆ. ಕೆಳಗಿನಿಂದ ಬರುವ ವಾಸನೆಗೆ ಹುಳಗಳೆಲ್ಲ ಸಾಯುತ್ತವೆ, ವಿದ್ಯಾರ್ಥಿಗಳು ಹೇಗೋ ಉಳಿದುಕೊಳ್ಳುತ್ತೇವೆ. ಅಲ್ಲಿ ನಾನು ಸೇರಿದ್ದು ‘ಪ್ರವಾಸದ ತೊಂದರೆಗಳಿಗೆ ಫ್ರೇಜಲ್ ವರ್ಬ್’ ಎಂಬ ಎರಡು ತಿಂಗಳ ಪಾಠಕ್ಕೆ. ನಮ್ಮ ಮಾಸ್ತರರು ಮುಧೋಳದವರೆಗೆ ಬಸ್ಸಿನಲ್ಲಿ ಹೋದರೂ ವಾಂತಿ ಮಾಡಿಕೊಳ್ಳುವವರು. ಅಂಥವರು ವಿಮಾನ ತಪ್ಪಿದಾಗ ಏನು ಮಾತಾಡಬೇಕೆಂದು ನಮಗೆ ಹೇಳಿಕೊಡುತ್ತಿದ್ದರು.

ಫ್ರೇಜಲ್ ವರ್ಬ್ ಎಂದರೆ ಬಾಲ ಕಟ್ಟಿದ ಕ್ರಿಯಾಪದ. ‘ಲುಕ್’ ಎಂದರೆ ನೋಡು. ಅದಕ್ಕೆ ‘ಫಾರ್’ ಕಟ್ಟಿದರೆ ಹುಡುಕು, ‘ಆಫ್ಟರ್’ ಕಟ್ಟಿದರೆ ಜೋಪಾನ ಮಾಡು, ‘ಇಂಟು’ ಕಟ್ಟಿದರೆ ವಿಚಾರಿಸು. ಎತ್ತು ಒಂದೇ, ಹೂಡುವ ಗಾಡಿ ಮಾತ್ರ ದಿನಕ್ಕೊಂದು. ಇಷ್ಟು ಜಿಪುಣ ಜನ ಅರ್ಧ ಜಗತ್ತನ್ನು ಆಳಿದ್ದು ಹೇಗೆ ಎಂಬುದು ನನಗೆ ಇವತ್ತಿಗೂ ಬಗೆಹರಿದಿಲ್ಲ. ನಮ್ಮ ಜೊತೆ ಬನಹಟ್ಟಿಯ ಸೀರೆ ವ್ಯಾಪಾರಿಯೊಬ್ಬರು ಕೂತಿರುತ್ತಿದ್ದರು. ಒಂದು ದಿನ ಅವರು, “ಸರ, ಎಲ್ಲಾದಕ್ಕೂ ‘ಸ್ವಲ್ಪ ನೋಡ್ರಿ’ ಅಂದ್ರ ನಡೀತೈತಲ್ರಿ?” ಎಂದು ಕೇಳಿದರು. ಮಾಸ್ತರರು ಅವರನ್ನು ಕನಿಕರದಿಂದ ನೋಡಿದರು. ಮಾಸ್ತರರಿಗಿಂತ ಹೆಚ್ಚು ಕನಿಕರದಿಂದ ನಾನು ನೋಡಿದೆ.

ನನ್ನ ಈ ವಿದ್ಯಾದಾಹಕ್ಕೆ ಕಾರಣವಿತ್ತು. ಚೆನ್ನೈಯಲ್ಲಿರುವ ನನ್ನ ಹೆಂಡತಿಯ ಅಕ್ಕನ ಮಗಳಿಗೆ ತಮಿಳರ ಹುಡುಗನೊಂದಿಗೆ ನಿಶ್ಚಯವಾಗುವುದಿತ್ತು. ನಾವು ಅಲ್ಲಿಗೆ ಹೋಗಬೇಕು, ಆ ಕಡೆ ಕನ್ನಡ ನಡೆಯದು. ನಿಶ್ಚಯದ ಸೀರೆ ಸೋದರಮಾವನ ಕಡೆಯಿಂದಲೇ ಬರಬೇಕು. ಆ ಸೋದರಮಾವ, ಅಂದರೆ ನನ್ನ ಹೆಂಡತಿಯ ತಮ್ಮ, ರಬಕವಿಯಲ್ಲಿ ಕೈಮಗ್ಗ ಬಿಡದ ಕೆಲವೇ ಜನರಲ್ಲಿ ಒಬ್ಬ. ಮೊಣಕಾಲು ನೋವಿನಲ್ಲೂ ಮಗ್ಗದ ಕುಣಿಯಲ್ಲಿ ಕೂತು ತಾನೇ ನೇಯ್ದ ಸೀರೆಯನ್ನು ಚೀಲದಲ್ಲಿಟ್ಟು ನನ್ನ ಕೈಗೆ ಕೊಡುತ್ತಾ ಅವನು ಹೇಳಿದ್ದು ಇಷ್ಟೇ: “ಮಾಮಾರ, ನನಗಂತೂ ಬರಾಕ ಆಗೂದಿಲ್ಲ. ಇದಾದ್ರೂ ಹೋಗಿ ಮುಟ್ಲಿ.” ಅಂದಿನಿಂದ ಆ ಚೀಲದ ಜವಾಬ್ದಾರಿ ನನ್ನದು. ಹೆಂಡತಿಗೆ ಅದನ್ನು ಮುಟ್ಟಲೂ ಕೊಡಲಿಲ್ಲ.

ವಿಜಯಪುರದಿಂದ ಚೆನ್ನೈಗೆ ಖಾಸಗಿ ಬಸ್ಸು ಹತ್ತಿದೆವು. ಸಂಜೆ ಚಹಾಕ್ಕೆ ನಿಂತಾಗ ನಾನು ನೋಟ್‌ಬುಕ್ ತೆಗೆದು ಬಾಯಿಪಾಠ ಮಾಡುತ್ತಿದ್ದರೆ, ನನ್ನ ಹೆಂಡತಿ ಸುವರ್ಣಾ ಡ್ರೈವರನ ವಿಚಾರಣೆ ಶುರು ಮಾಡಿದ್ದಳು. “ಯಾವ ಊರೋ ತಮ್ಮಾ?” “ಸಾವಳಗಿ ರೀ.” “ಸಾವಳಗ್ಯಾಗ ಯಾರ ಪೈಕಿ?” ಐದು ನಿಮಿಷದಲ್ಲಿ ಅವನ ಅಜ್ಜಿಯ ತವರು ಹುನ್ನೂರ ಎಂದು ಗೊತ್ತಾಯಿತು. ಇವಳ ಚಿಗವ್ವನನ್ನು ಕೊಟ್ಟದ್ದೂ ಹುನ್ನೂರಿಗೇ. ಅಷ್ಟು ಸಾಕಾಯಿತು, ಅವನಿಗೆ ನಾಲ್ಕು ಕಡಕ್ ರೊಟ್ಟಿ, ಮೇಲೊಂದಿಷ್ಟು ಶೇಂಗಾ ಚಟ್ನಿ ಸಿಕ್ಕಿತು. ನನಗೆ ನಾಚಿಕೆಯಿಂದ ಮೈಯೆಲ್ಲ ಹಿಡಿಯಾಯಿತು. “ಇಂಗ್ಲಿಷ್ ಮಂದಿ ಯಾರನ್ನೂ ಯಾರ ಪೈಕಿ ಅಂತ ಕೇಳೂದಿಲ್ಲ. ಸ್ವಲ್ಪ ರೀತಿ ಕಲಿ,” ಎಂದು ಗದರಿದೆ. “ಅದಕ್ಕ ಪಾಪ, ಅವರಿಗೆ ಅಷ್ಟೊಂದು ಶಬ್ದ ಬೇಕಾಗ್ಯಾವು,” ಎಂದಳು.

ಮರುದಿನ ಬೆಳಿಗ್ಗೆ ವೆಲ್ಲೂರಿನ ಹತ್ತಿರ ಬಸ್ಸು ಕೆಟ್ಟು ನಿಂತಿತು. ‘ಬ್ರೇಕ್ ಡೌನ್’, ಎರಡನೆಯ ಪಾಠ. ನಿಜ ಹೇಳುತ್ತೇನೆ, ನನಗೆ ಖುಷಿಯೇ ಆಯಿತು. ನಿಶ್ಚಯ ಹನ್ನೆರಡಕ್ಕೆ, ಆಗಿನ್ನೂ ಎಂಟು ಗಂಟೆ. ಅಷ್ಟರಲ್ಲಿ ಬೆಳಗಾವಿಯಿಂದ ಚೆನ್ನೈಗೆ ಹೊರಟ ಅದೇ ಕಂಪನಿಯ ಬಸ್ಸು ಬಂದು ನಿಂತು, ಎರಡೇ ಸೀಟು ಖಾಲಿ ಇವೆ ಎಂದು ಕ್ಲೀನರ್ ಕೂಗಿದ. ಆಗ ನಾನು ಮಾಡಿದ್ದನ್ನು ಜಮಖಂಡಿ ಬಸ್‌ಸ್ಟ್ಯಾಂಡಿನಲ್ಲಿ ಬೆಳೆದ ಯಾರಾದರೂ ಮಾಡುತ್ತಿದ್ದರು. ಓಡಿಹೋಗಿ, ಕೈಯಲ್ಲಿದ್ದ ಸೀರೆಯ ಚೀಲವನ್ನು ಕಿಟಕಿಯೊಳಗಿಂದ ಆ ಎರಡು ಸೀಟಿನ ಮೇಲೆ ಒಗೆದೆ. ಆಮೇಲೆ ಹೆಂಡತಿಯನ್ನು ಕರೆಯಲು ಗತ್ತಿನಿಂದ ಹಿಂದಿರುಗಿದೆ. ಕ್ಲೀನರ್ ಒಳಗೆ ಇಣುಕಿದ. ಪಕ್ಕದ ಸೀಟಿನ ಅಜ್ಜನೊಬ್ಬ, “ಸೀಟ ಹಿಡದಾರ್ರಿ,” ಎಂದನಂತೆ. ಸೀಟು ತುಂಬಿದವು ಎಂದು ಕ್ಲೀನರ್ ಬಾಗಿಲು ಹಾಕಿದ, ಬಸ್ಸು ಹೋಯಿತು. ನನ್ನ ಜಾಗದಲ್ಲಿ ನನ್ನ ಚೀಲ ಚೆನ್ನೈಗೆ ಹೊರಟಿತು.

‘ಹೋಲ್ಡ್ ಆನ್’ ಎಂದರೆ ತಡೆ, ‘ಪುಲ್ ಓವರ್’ ಎಂದರೆ ಗಾಡಿ ಪಕ್ಕಕ್ಕೆ ನಿಲ್ಲಿಸು, ಎಲ್ಲವೂ ನನ್ನ ನೋಟ್‌ಬುಕ್ಕಿನಲ್ಲಿದ್ದವು. ಬಾಯಿಂದ ಬಂದದ್ದು “ಏ, ನಿಂದರ್ಸಲೇ” ಎಂಬ ಶುದ್ಧ ಜಮಖಂಡಿ. ಮೊಣಕಾಲು ನೋವಿನಲ್ಲೂ ನೇಯುತ್ತಿದ್ದ ಭಾವಮೈದುನ ಕಣ್ಣ ಮುಂದೆ ಬಂದ. ಸಾವರಿಸಿಕೊಂಡು ಕಂಪನಿಯ ಆಫೀಸಿಗೆ ಫೋನು ಮಾಡಿದೆ. ಹತ್ತು ನಿಮಿಷ ಇಂಗ್ಲಿಷಿನಲ್ಲಿ ಮಾತಾಡಿದೆ. ಆ ಕಡೆಯ ಹೆಣ್ಣುಮಗಳು ಬಹಳ ಮರ್ಯಾದೆಯಿಂದ, ‘ಲುಕ್ ಇಂಟು’ ಮಾಡಿ ‘ಗೆಟ್ ಬ್ಯಾಕ್’ ಮಾಡುತ್ತೇವೆ ಎಂದಳು. ಎರಡೂ ನಮ್ಮ ಪಾಠದಲ್ಲಿದ್ದವೇ, ಎರಡೂ ನನಗೆ ತಿಳಿದವು: ವಿಚಾರಿಸಿ ತಿರುಗಿ ಫೋನು ಮಾಡುತ್ತಾರೆ. ಹೆಮ್ಮೆಯಿಂದ ಹೆಂಡತಿಗೆ ಹೇಳಿದೆ.

“ಚೀಲ ಸಿಗತೈತಿ ಅಂದ್ರೋ, ಇಲ್ಲ ಅಂದ್ರೋ?” ಎಂದು ಕೇಳಿದಳು.

ಅದನ್ನು ಅವರು ಹೇಳಿರಲಿಲ್ಲ. ಕೆಲಸ ಮಾಡುವ ಮನಸ್ಸಿಲ್ಲದವರಿಗೆಂದೇ ಈ ಬಾಲಗಳನ್ನು ಕಟ್ಟಿದ್ದಾರೆ ಎಂದು ನನಗೆ ಆಗ ಹೊಳೆಯಿತು. ಆ ಫೋನು ಇಂದಿನವರೆಗೂ ಬಂದಿಲ್ಲ.

ಸುವರ್ಣಾ ಬಸ್ಸಿನ ಹಿಂದೆ ಹೋಗಿ, ಗಾಡಿಯ ಕೆಳಗೆ ಮಲಗಿ ರಿಪೇರಿ ಮಾಡುತ್ತಿದ್ದ ಡ್ರೈವರನನ್ನು ಕರೆದಳು. “ತಮ್ಮಾ, ನಿಮ್ಮ ಮಾಮಾ ಸೀಟ ಹಿಡ್ಯಾಕ ಹೋಗಿ ಸೀರೀನ ಕಳಿಸಿ ಬಿಟ್ರು.” ಅವನು ಮಲಗಿದಲ್ಲಿಂದಲೇ ಫೋನು ತೆಗೆದ. “ಲೇ ದೋಸ್ತ, ನಮ್ಮಕ್ಕಾರ ಚೀಲ ಐತಿ ನಿನ್ನ ಗಾಡ್ಯಾಗ. ಮುಂದಿನ ಹೋಟೆಲ್‌ನ್ಯಾಗ ಇಳಿಸಿ ಹೋಗು.” ಮುಗಿಯಿತು. ಅರ್ಧ ನಿಮಿಷವೂ ಹಿಡಿಯಲಿಲ್ಲ. ಒಂಬತ್ತೂವರೆಗೆ ನಮ್ಮ ಬಸ್ಸು ಆ ಹೋಟೆಲು ಮುಟ್ಟಿದಾಗ ಚೀಲ ಗಲ್ಲಾದ ಪಕ್ಕದ ಕುರ್ಚಿಯ ಮೇಲೆ ಕೂತಿತ್ತು. ಹನ್ನೆರಡಕ್ಕೆ ಹುಡುಗಿ ಆ ಸೀರೆ ಉಟ್ಟು ಬಂದಾಗ ಸುವರ್ಣಾ ತಮ್ಮನಿಗೆ ವಿಡಿಯೋ ಕಾಲ್ ಮಾಡಿ ತೋರಿಸಿದಳು. ಅವನು ಕಣ್ಣು ಒರೆಸಿಕೊಂಡ. ನಾನು ಪ್ರಯಾಣ ಸುಖವಾಗಿತ್ತು ಎಂದಷ್ಟೇ ಹೇಳಿದೆ.

ಹಿಂತಿರುಗುವಾಗ ವಿಜಯಪುರದಲ್ಲಿ ಜಮಖಂಡಿ ಬಸ್ಸಿಗೆ ವಿಪರೀತ ಗದ್ದಲ. ನನ್ನ ಕೈ ತಾನಾಗಿಯೇ ಚೀಲದ ಮೇಲೆ ಹೋಯಿತು. “ಚೀಲಕ್ಕ ಕೈ ಹಚ್ಚಬ್ಯಾಡ್ರಿ ಮತ್ತ,” ಎಂದಳು ಸುವರ್ಣಾ. ಮತ್ತೇನು ಒಗೆಯುವುದು? ಕಂಕುಳಲ್ಲಿದ್ದ ಫ್ರೇಜಲ್ ವರ್ಬ್‌ಗಳ ನೋಟ್‌ಬುಕ್ಕನ್ನು ಕಿಟಕಿಯೊಳಗೆ ಒಗೆದೆ. ನೂಕಾಡಿಕೊಂಡು ಒಳಗೆ ಹೋಗಿ ನೋಡಿದರೆ ಎರಡು ಸೀಟು ಹಾಗೇ ಇದ್ದವು, ಯಾರೂ ಕೂತಿರಲಿಲ್ಲ. ಎರಡು ತಿಂಗಳು ಬರೆದ ಆ ನೋಟ್‌ಬುಕ್ಕು ಪ್ರವಾಸದಲ್ಲಿ ನನ್ನದೊಂದು ತೊಂದರೆ ನೀಗಿಸಿದ್ದು ಅದೊಂದೇ ಸಲ.