ನಮ್ಮತ್ತೆಯ ಕಾರು ಹೊಗೆ ಪರೀಕ್ಷೆ ಪಾಸಾದದ್ದು

ನಮ್ಮತ್ತೆಯನ್ನು ಕಂಡರೆ ಅರ್ಧ ಚನ್ನಪಟ್ಟಣ ಹೆದರುತ್ತದೆ. ಅಂಥ ನಮ್ಮತ್ತೆ ಬೆರಳು ದಪ್ಪದ ಒಂದು ರಬ್ಬರ್ ಪೈಪಿಗೆ ಹೆದರಿ ಊಟ ಬಿಟ್ಟಿದ್ದರು ಎಂದರೆ ನೀವು ನಂಬುತ್ತೀರಾ? ನಾನೂ ನಂಬುತ್ತಿರಲಿಲ್ಲ, ಅವರ ಪಾಲಿನ ಬಸ್ಸಾರನ್ನು ನಾನೇ ಖಾಲಿ ಮಾಡದೆ ಹೋಗಿದ್ದರೆ!

ಅತ್ತೆ ಎಂದರೆ ನಮ್ಮಪ್ಪನ ಅಕ್ಕ. ಹೈಸ್ಕೂಲಿನಲ್ಲಿ ಲೆಕ್ಕ ಕಲಿಸಿ, ಹೆಡ್‌ಮಿಸ್ಸಾಗಿ ನಿವೃತ್ತರಾದವರು. ಊರಿನ ಗಣ್ಯರ ಪೈಕಿ ಅವರಿಂದ ಕಿವಿ ಹಿಂಡಿಸಿಕೊಳ್ಳದವರನ್ನು ಹುಡುಕಿ ತೆಗೆಯುವುದು ಕಷ್ಟ. ಮಾವ ತೀರಿಕೊಂಡ ಮೇಲೆ ಅವರ ಜೊತೆಗೆ ಉಳಿದದ್ದು ನಾನು ಮತ್ತು ಒಂದು ಹಳೆಯ ಪೆಟ್ರೋಲ್ ಕಾರು. ನಮ್ಮಿಬ್ಬರಲ್ಲಿ ಯಾರ ಮೇಲೆ ಪ್ರೀತಿ ಹೆಚ್ಚು ಎಂದು ನಾನು ಕೇಳಲು ಹೋಗಿಲ್ಲ. ಉತ್ತರ ಗೊತ್ತಿದೆ.

ಕಾರು ಸ್ಟಾರ್ಟಾಯಿತೆಂದರೆ ಬೀದಿಯ ಹೆಂಗಸರು ಒಣಹಾಕಿದ ಬಟ್ಟೆ ಎತ್ತಿಕೊಂಡು ಒಳಗೆ ಓಡುತ್ತಿದ್ದರು. ದೊಡ್ಡಮಳೂರಿನ ದೇವಸ್ಥಾನಕ್ಕೆ ಹೋದರೆ, ಅರ್ಚಕರು ಧೂಪ ಹಾಕುವ ಮೊದಲೇ ನಮ್ಮ ಕಾರು ಹಾಕಿ ಮುಗಿಸಿರುತ್ತಿತ್ತು! "ಹೊಗೆ ಎಲ್ಲೈತೆ? ಅದು ಮಂಜು ಕಣೇ" ಎನ್ನುತ್ತಿದ್ದರು ಅತ್ತೆ. ಏಪ್ರಿಲ್ ತಿಂಗಳ ಮಟಮಟ ಮಧ್ಯಾಹ್ನ!

ಒಂದು ದಿನ ರಾಮನಗರದಲ್ಲಿ ಪೊಲೀಸಿನವನೊಬ್ಬ ಕೈ ಅಡ್ಡ ಹಿಡಿದ. ಹಿಡಿದವನು ಬಗ್ಗಿ ಒಳಗೆ ನೋಡಿ ಬೆವತುಹೋದ.

"ಅಯ್ಯೋ ಮಿಸ್, ನೀವಾ! ಓಗಿ, ಓಗಿ."

"ಯಾಕೋ ಬಿಡ್ತೀಯಾ? ಎಮಿಷನ್ ಸರ್ಟಿಫಿಕೇಟ್ ಕೇಳು. ಇಲ್ಲ ಅಂತೀನಿ. ದಂಡ ಹಾಕು."

"ಬ್ಯಾಡಿ ಮಿಸ್..."

"ಹಾಕೋ!"

ಪಾಪ, ರಸೀದಿ ಪುಸ್ತಕ ತೆಗೆದು ಹಾಕಿದ. ಅತ್ತೆ ರಸೀದಿ ಓದಿ, ಅದರಲ್ಲಿದ್ದ ಕಾಗುಣಿತ ತಿದ್ದಿ, "ಇನ್ನೊಂದ್ಸಲ ಬರಿ" ಎಂದು ವಾಪಸ್ ಕೊಟ್ಟರು!

ಮನೆಗೆ ಬಂದವರೇ ಘೋಷಣೆ ಹೊರಡಿಸಿದರು: "ಈ ಕಾರು ಸ್ವಂತ ಯೋಗ್ಯತೆಯಿಂದ ಪಾಸಾಗಬೇಕು. ಆಗಲಿಲ್ವೋ, ಗುಜರಿಗೆ." ಗುಜರಿಯವನ ಕಿವಿ ಎಷ್ಟು ಚುರುಕು ನೋಡಿ, ಸಂಜೆಯೊಳಗೆ ಗೇಟಿನ ಮುಂದೆ ನಿಂತು ಕಣ್ಣಲ್ಲೇ ತೂಕ ಹಾಕುತ್ತಿದ್ದ. ಅತ್ತೆ ಊಟ ಬಿಟ್ಟದ್ದು ಅವತ್ತೇ.

ಮರುದಿನ ಪೆಟ್ರೋಲ್ ಬಂಕಿನ ಪಕ್ಕ ನಿಂತಿದ್ದ ಹೊಗೆ ತಪಾಸಣೆಯ ವ್ಯಾನಿಗೆ ಹೋದೆವು. ಅದರೊಳಗಿದ್ದವನೂ ಅತ್ತೆಯ ಶಿಷ್ಯನೇ!

"ಮಿಸ್, ಗಾಡಿ ಯಾಕ್ ತಂದ್ರಿ? ಫೋಟೋ ಕಳಿಸಿದ್ರೆ ಸಾಕಾಗಿತ್ತು."

"ನನ್ನ ಕಾರಿಗೇನು ಮದುವೆ ಮಾಡಿಸ್ತೀಯಾ ಫೋಟೋ ನೋಡಿ? ಪೈಪ್ ಹಾಕೋ."

ಸೈಲೆನ್ಸರಿಗೆ ಪೈಪ್ ಇಟ್ಟ. ಯಂತ್ರ ಒಮ್ಮೆ ಕೀರಲು ದನಿ ತೆಗೆದು ಸುಮ್ಮನಾಯಿತು. ಫೇಲ್! ಅವನು ಅತ್ತಿತ್ತ ನೋಡಿ ದನಿ ತಗ್ಗಿಸಿದ. "ಮಿಸ್, ತಲೆ ಕೆಡಿಸ್ಕೋಬ್ಯಾಡಿ. ಪೈಪ್ ನನ್ ಹೊಸ ಕಾರಿಗೆ ಇಕ್ಕಿ, ನಿಮ್ ನಂಬರ್ ಹೊಡ್ದ್‌ಬುಡ್ತೀನಿ. ಎಲ್ರಿಗೂ ಹಂಗೇ ಮಾಡೋದು."

ಅತ್ತೆ ಕನ್ನಡಕ ತೆಗೆದರು. ಕನ್ನಡಕ ತೆಗೆದರೆ ಏನೆಂದು ಅವನಿಗೂ ಗೊತ್ತಿತ್ತು, ಕಿವಿ ಮುಚ್ಚಿಕೊಂಡ.

"ಹತ್ತನೇ ಕ್ಲಾಸಲ್ಲಿ ಪಕ್ಕದವನ ಪೇಪರ್ ನೋಡಿ ಬರೆದೆ. ಈಗ ನನ್ನ ಕಾರಿಗೂ ಕಾಪಿ ಹೊಡೆಯೋದು ಕಲಿಸ್ತೀಯೇನೋ?"

ಸುದ್ದಿ ಹರಡಿತು. ಇಡೀ ಊರು ಸಲಹೆ ಹೊತ್ತು ಬಂತು. ಕಾರು ಪಾಸಾಗುವುದು ಹೇಗೆ ಎಂಬ ಸಲಹೆಯಲ್ಲ, ಕಾರಿಲ್ಲದೆ ಸರ್ಟಿಫಿಕೇಟ್ ತರುವುದು ಹೇಗೆ ಎಂಬ ಸಲಹೆ! ಪರಿಸರ ದಿನಾಚರಣೆಯಲ್ಲಿ ಪ್ರತಿ ವರ್ಷ ಭಾಷಣ ಮಾಡುವ ಮುಖಂಡರೊಬ್ಬರು ಖುದ್ದಾಗಿ ಬಂದು, "ನಮ್ ಕಡೆಯವ್ನು ಒಬ್ಬ ಅವ್ನೆ ಮಿಸ್, ಮನೆಗೇ ತಂದ್ಕೊಡ್ತಾನೆ" ಎಂದರು. ಅತ್ತೆ ಅವರಿಗೆ ಕಾಫಿಯನ್ನೂ ಕೊಡದೆ ಕಳಿಸಿದರು.

ಕೊನೆಗೆ, ಗುಜರಿಗೆ ಹಾಕುವ ಮುಂಚೆ ಫೇಲಾದವರಿಗೂ ಇನ್ನೊಂದು ಪರೀಕ್ಷೆ ಇರುತ್ತದೆ ಎಂದು ಅತ್ತೆ ಮನಸ್ಸು ಬದಲಿಸಿ, ಕನಕಪುರದ ಒಬ್ಬ ಮೆಕ್ಯಾನಿಕ್ ಭಾಯಿಯ ಹತ್ತಿರ ಹೋದೆವು. ಅವರು ಬಾನೆಟ್ ಎತ್ತಿ, ಮೂಸಿ, ಬಹಳ ದುಃಖದಿಂದ ಹೇಳಿದರು:

"ಅಮ್ಮಾ, ಗಾಡಿ ಎಣ್ಣೆ ಕುಡೀತೈತೆ."

ಪಾನನಿರೋಧದ ಮೆರವಣಿಗೆಗಳಲ್ಲಿ ಮುಂದಿನ ಸಾಲಿನಲ್ಲಿ ನಡೆದ ನಮ್ಮತ್ತೆ ಬೆಚ್ಚಿದರು. "ಎಣ್ಣೆನಾ! ಯಾವಾಗಿಂದ?"

"ಬಾಳಾ ವರ್ಷದಿಂದ ಇರ್ಬೇಕು. ನೀವ್ ನೋಡ್ಕಂಡಿಲ್ಲ."

ಎಂಜಿನ್ನಿನೊಳಗಿನ ಪಿಸ್ಟನ್ ರಿಂಗ್ ಸವೆದು, ಎಂಜಿನ್ ಆಯಿಲ್ ಪೆಟ್ರೋಲಿನ ಜೊತೆಗೇ ಉರಿದು ಹೊಗೆಯಾಗುತ್ತಿದೆ ಎಂದು ಅವರು ಬಿಡಿಸಿ ಹೇಳುವಷ್ಟರಲ್ಲಿ ಅತ್ತೆಯ ಮುಖ ಕುಡುಕ ಮಗನ ತಾಯಿಯಂತಾಗಿತ್ತು. ಕಾರು ಆ ಗ್ಯಾರೇಜಿನಲ್ಲಿ ಚಟ ಬಿಡಿಸುವ ಶಿಬಿರಕ್ಕೆ ಸೇರಿದವರಂತೆ ಉಳಿಯಿತು. ಅತ್ತೆ ಬಸ್ಸು ಹಿಡಿದು ಹೋಗಿ, ಸ್ಟೂಲಿನ ಮೇಲೆ ಕೂತು ಅದನ್ನೇ ನೋಡಿಕೊಂಡು ಬರುತ್ತಿದ್ದರು. ಒಮ್ಮೆ ಭಾಯಿಯೇ ನನ್ನನ್ನು ಪಕ್ಕಕ್ಕೆ ಕರೆದು, "ಅವ್ರಿಗೆ ಬರ್ಬ್ಯಾಡಿ ಅನ್ನಮ್ಮ, ನಂಗೆ ಸ್ಪ್ಯಾನರ್ ಹಿಡಿಯೋಕೆ ಹೆದ್ರಿಕೆ ಆಯ್ತೈತೆ" ಎಂದು ಬೇಡಿಕೊಂಡರು.

ಎರಡನೆಯ ಪರೀಕ್ಷೆಗೆ ಅತ್ತೆ ಮಾಗಡಿಯನ್ನು ಆರಿಸಿದರು. ಯಾಕೆ? ಅಲ್ಲಿ ಅವರ ಶಿಷ್ಯರಿಲ್ಲ! ಅಲ್ಲಿನ ತಪಾಸಣೆಯ ಅಂಗಡಿಯಲ್ಲಿ ಕೂತಿದ್ದ ಹೆಂಗಸು ಸೈಲೆನ್ಸರಿಗೆ ಪೈಪ್ ಇಟ್ಟು ಕಂಪ್ಯೂಟರ್ ನೋಡತೊಡಗಿದಳು. ಅತ್ತೆ ನನ್ನ ಕೈ ಹಿಡಿದುಕೊಂಡರು.

"ಪಾಸ್ ಆಗೈತೆ ಅಮ್ಮ."

"ಸರಿಯಾಗಿ ನೋಡಮ್ಮ. ಮೋಸ ಇಲ್ಲ ತಾನೆ?"

"ಮೋಸ ಎಲ್ಲಿ ಬಂತು? ಬೆಳಗ್ಗೆಯಿಂದ ನಿಜವಾಗ್ಲೂ ಪೈಪ್ ಇಕ್ಕಿರೋದು ನಿಮ್ ಗಾಡಿಗೇ ಮೊದ್ಲು!"

ಬರುವಾಗ ಬಂಡೆಗಳ ನಡುವಿನ ಖಾಲಿ ರಸ್ತೆಯಲ್ಲಿ ಅತ್ತೆ ಇದ್ದಕ್ಕಿದ್ದಂತೆ ಕಾರು ನಿಲ್ಲಿಸಿ ಇಳಿದರು. "ನೀನು ಓಡಿಸ್ಕೊಂಡು ಒಸಿ ಮುಂದಕ್ಕೆ ಹೋಗು" ಎಂದರು. ಹೋದೆ. ಕನ್ನಡಿಯಲ್ಲಿ ನೋಡಿದರೆ ಅವರು ರಸ್ತೆಯ ನಡುವೆ ನಿಂತು ಕೈ ಬೀಸುತ್ತಿದ್ದಾರೆ. ಏನಾಯಿತೋ ಎಂದು ಗಾಬರಿಯಾಗಿ ರಿವರ್ಸ್ ತೆಗೆದುಕೊಂಡು ಬಂದೆ.

"ನಾನು ಕಾಣ್ತಿದ್ನೇನೇ?"

"ಕಾಣದೆ ಏನತ್ತೆ?"

ಅವರು ಡಿಕ್ಕಿಯ ಮೇಲೆ ಎರಡೂ ಅಂಗೈ ಊರಿ ನಿಂತರು.

"ಚಳಿಗಾಲದಲ್ಲಿ ದಿನಾ ನಿಮ್ಮ ಮಾವನೇ ತಳ್ಳೋರು. ಸ್ಟಾರ್ಟ್ ಆದ ತಕ್ಷಣ ಸ್ಕೂಲಿಗೆ ಲೇಟಾಯ್ತು ಅಂತ ನಾನು ಹೊರಟುಬಿಡೋಳು. ಅವರು ಆ ಹೊಗೇಲಿ ನಿಂತು, ನಾನು ತಿರುವು ದಾಟೋವರೆಗೂ ಕೈ ಬೀಸೋರಂತೆ. ಅವರು ಹೋದ ಮೇಲೆ ಎದುರು ಮನೆಯವರು ಹೇಳಿದ್ರು. ನನಗೆ ಕನ್ನಡೀಲಿ ಬರೀ ಹೊಗೆ ಕಾಣೋದು ಕಣೇ."

ನಾನು ಇಳಿಯಲು ಬಾಗಿಲು ತೆಗೆದೆ.

"ಇನ್ನೊಂದ್ಸಲ ಹೋಗು" ಎಂದರು.

ಈ ಸಲ ನಿಧಾನವಾಗಿ ಓಡಿಸಿದೆ. ಕನ್ನಡಿಯಲ್ಲಿ ಅತ್ತೆ, ಅವರ ನೀಲಿ ಸೀರೆ, ಎತ್ತಿದ ಕೈ, ಎಲ್ಲವೂ ನಿಚ್ಚಳವಾಗಿದ್ದವು. ನಾನು ಕಿಟಕಿಯಿಂದ ಕೈ ಹೊರಗೆ ಚಾಚಿ, ಅವರು ಚಿಕ್ಕದಾಗುವವರೆಗೂ ಬೀಸಿದೆ.