ಮುನ್ನೂರು ಗ್ರಾಂ ದಾಟಿದ ಹದಿನೇಳನೇ ಇಲಿಯವರಿಗೆ

ಮಾನ್ಯ ಹದಿನೇಳನೇ ನಂಬರಿನ ಇಲಿಮಹಾಶಯರೇ,

ಹಾಸನದ ನಮ್ಮ ಕಾಲೇಜಿನ ಪ್ರಾಣಿಕೋಣೆಯ ಮೂರನೇ ಗೂಡನ್ನು ಅಲಂಕರಿಸಿರುವ ತಮ್ಮ ನಾಲ್ಕೂ ಪಾದಗಳಿಗೆ ಸಂಶೋಧನಾ ವಿದ್ಯಾರ್ಥಿನಿ ತೇಜಶ್ರೀ ಮಾಡುವ ಸಾಷ್ಟಾಂಗ ನಮಸ್ಕಾರಗಳು. ತಾವು ಕ್ಷೇಮವೆಂಬುದು ತಕ್ಕಡಿ ನೋಡಿಯೇ ತಿಳಿಯಿತು.

ತಮ್ಮ ಕುಲದವರ ಮೆದುಳಿನ ಬುಡದಲ್ಲಿ ಹಸಿವನ್ನು ಆಳುತ್ತ ಕೂತಿರುವ ಹೈಪೋಥಲಾಮಸ್ಸಿನಿಂದ ನರದ ಎಳೆಗಳು ಎಲ್ಲೆಲ್ಲಿಗೆ ಹೋಗುತ್ತವೆಂದು ನಾನು ಮೂರು ವರ್ಷದಿಂದ ನಕ್ಷೆ ಬರೆಯುತ್ತಿದ್ದೇನೆ. ಹಾಸನದ ನಿಲ್ದಾಣ ಬಿಟ್ಟ ಬಸ್ಸು ಹೊಳೆನರಸೀಪುರಕ್ಕೆ ಹೋಯಿತೋ ಅರಕಲಗೂಡಿಗೋ ಎಂದು ತಿಳಿಯಲು ಬಸ್ಸಿಗೇ ಬಣ್ಣ ಹಚ್ಚಿ ಕಾಯುವಂಥ ಕೆಲಸವಿದು. ಸೂಜಿಯಿಂದ ಬಿಟ್ಟ ಒಂದು ತೊಟ್ಟು ಬಣ್ಣ ಹತ್ತು ದಿನ ಎಳೆ ಹಿಡಿದು ಸಾಗುತ್ತದೆ; ಆಮೇಲೆ ಮೆದುಳನ್ನು ತೆಳ್ಳಗೆ ಕೊಯ್ದು ನೋಡಬೇಕು, ಆ ವೇಳೆಗೆ ತಾವಿರುವುದಿಲ್ಲ ಎಂದು ಸಂಕೋಚದಿಂದ ಅರಿಕೆ ಮಾಡಿಕೊಳ್ಳುತ್ತೇನೆ. ನಕ್ಷೆಯಲ್ಲಿ ಇನ್ನೊಂದೇ ದಾರಿ ಬಾಕಿ, ಇಷ್ಟೇ ಇಲಿಗಳೆಂದು ಸಮಿತಿ ಕೊಟ್ಟ ಅನುಮತಿಯಲ್ಲಿ ಇನ್ನೊಂದೇ ಇಲಿ ಬಾಕಿ. ಅದು ತಾವು.

ಆದರೆ ಸೂಜಿ ಇಳಿಸುವ ಅಳತೆಗಳೆಲ್ಲ ಮುನ್ನೂರು ಗ್ರಾಮಿನ ಇಲಿಯ ತಲೆಗೆ ಬರೆದವು. ತಾವೋ, ನಾನೂರ ಹತ್ತು! ಅಯ್ಯೋ ದೇವರೇ, ತಲೆ ಎಲ್ಲಿ ಮುಗಿದು ಕತ್ತು ಎಲ್ಲಿ ಶುರುವಾಯಿತೆಂದು ಹುಡುಕಬೇಕಾಗಿದೆ. ವಿಚಾರಿಸಿದರೆ, ತಮ್ಮನ್ನು ನೋಡಿಕೊಳ್ಳುವ ಸಾಲಗಾಮೆಯ ದೇವಯ್ಯನವರು ದಿನಾ ಮಧ್ಯಾಹ್ನ ತಮ್ಮೆದುರೇ ಬುತ್ತಿ ಬಿಚ್ಚಿ, ಮೊದಲ ತುತ್ತು ಮುದ್ದೆಯನ್ನು ತಮಗೇ ಇಡುತ್ತಾರಂತೆ. "ಎದ್ರುಗೊಂದು ಜೀವ ನೋಡ್ತಾ ಕೂತಿರುವಾಗ ನಾನೊಬ್ನೇ ಎಂಗವ್ವಾ ಉಣ್ಲಿ?" ಎಂದು ನನ್ನನ್ನೇ ಕೇಳಿದರು. ಕೋಪ ನೆತ್ತಿಗೇರಿತು; ತಮ್ಮನ್ನು ಇನ್ನೊಮ್ಮೆ ತಕ್ಕಡಿಗೆ ಹತ್ತಿಸಿದೆ, ಮತ್ತದೇ ನಾನೂರ ಹತ್ತು.

ತಮ್ಮ ಸಾಧನೆಯನ್ನು ಹೊಗಳದೆ ಇರಲಾರೆ. ಹಸಿವಿನ ದಾರಿ ಹುಡುಕುವವಳಿಗೆ ಹಸಿವೆಂದರೇನೆಂದೇ ತಿಳಿಯದ ಇಲಿ ಗಂಟುಬಿದ್ದಿದೆ! ಮುಂದಿನ ತಿಂಗಳ ಕೊನೆಗೆ ನಕ್ಷೆ ಕೈಸೇರದಿದ್ದರೆ ಪ್ರಬಂಧಕ್ಕೆ ಸಹಿ ಹಾಕುವುದಿಲ್ಲವೆಂದು ಮಾರ್ಗದರ್ಶಕರಾದ ಗಂಗಾಧರಯ್ಯನವರು ಕಡ್ಡಿ ತುಂಡು ಮಾಡಿದಂತೆ ಹೇಳಿದ್ದಾರೆ. ಆದಕಾರಣ ತಾವು ದಯಮಾಡಿ ಎರಡು ವಾರ ಒಪ್ಪತ್ತು ಮಾಡಿ, ಬೆಳಿಗ್ಗೆ ಗೂಡಿನೊಳಗೇ ನೂರು ಸುತ್ತು ಹಾಕಿ, ನೂರ ಹತ್ತು ಗ್ರಾಂ ಇಳಿಸಿಕೊಡಬೇಕು. ಅದಾಗದಿದ್ದರೆ ತಮ್ಮ ಹಸಿವು ಯಾವ ದಾರಿಯಲ್ಲಿ ಓಡಾಡುತ್ತದೆಂದು ಸ್ವಹಸ್ತದಿಂದ ಬರೆದು, ಬಾಲದ ಗುರುತು ಒತ್ತಿ ಕೊಟ್ಟರೂ ಆದೀತು.

ತೂಕ ಇಳಿದೀತೆಂದು ಇನ್ನೂ ನಂಬಿರುವ
ತಮ್ಮ ವಿಶ್ವಾಸಿ,
ತೇಜಶ್ರೀ

ವಿ.ಸೂ.: ಇದನ್ನು ಬರೆದು ಗೂಡಿಗೆ ಅಂಟಿಸುವಷ್ಟರಲ್ಲಿ ವಾರ ಕಳೆಯಿತು. ದೇವಯ್ಯನವರು ರಜೆ ಹಾಕಿ ಕೊರವಂಗಲದ ಮಗಳ ಮನೆಗೆ ಹೋಗಿರುವುದರಿಂದ, ತಮ್ಮೆದುರು ಬುತ್ತಿ ಬಿಚ್ಚುವವಳು ಈಗ ನಾನೊಬ್ಬಳೇ. ಇವತ್ತು ತಾವು ನಾನೂರ ಇಪ್ಪತ್ತೆರಡು ತೂಗಿದ್ದೀರಿ. ಗಂಗಾಧರಯ್ಯನವರು ಬಂದು ಕಾರಣ ಕೇಳಿದರೆ, ಬಾಯಲ್ಲಿರುವುದನ್ನು ಬೇಗ ನುಂಗಿಕೊಂಡು ಸುಮ್ಮನಿರತಕ್ಕದ್ದು.