ಬ್ರೇಕಿಗೆ ಪಣ ಕಟ್ಟಿದ ಮೀಸೆ

ವಾರಕ್ಕೆ ಹತ್ತು ಕಾರು ಬ್ರೇಕ್ ರಿಪೇರಿ ಅಂತ ನನ್ನ ಹತ್ರ ಬತ್ತವೆ. ಅದ್ರಲ್ಲಿ ನಾಲ್ಕರಲ್ಲಿ ಬ್ರೇಕ್ ಕೆಟ್ಟಿರುತ್ತೆ, ಮಿಕ್ಕ ಆರರಲ್ಲಿ ಓನರ್ ಕೆಟ್ಟಿರ್ತಾನೆ. ಬ್ರೇಕ್ ನಾನು ಸರಿ ಮಾಡ್ತೀನಿ. ಓನರಿಗೆ ಎಲ್ಲೂ ಪಾರ್ಟ್ ಸಿಗಲ್ಲ.

ನನ್ನ ಗ್ಯಾರೇಜು ಚಿಕ್ಕಬಳ್ಳಾಪುರದಿಂದ ಶಿಡ್ಲಘಟ್ಟಕ್ಕೆ ಹೋಗೋ ರೋಡಲ್ಲೈತೆ. ನಾನು ಓದಿದ್ದು ಮೂರನೇ ಕ್ಲಾಸು. ಆದ್ರೆ ಗಾಡಿ ಗೇಟ್ ಒಳಗೆ ಬರೋಷ್ಟರಲ್ಲಿ ಬ್ರೇಕಿನ ಶಬ್ದ ಕೇಳಿ, ಏನು ಕೆಟ್ಟೈತೆ ಅಂತ ಕಣ್ಣು ಮುಚ್ಕೊಂಡು ಹೇಳ್ತೀನಿ. ಕೀಂ ಅಂದ್ರೆ ಚಕ್ರದ ಡಿಸ್ಕ್ ಹಿಡಿಯೋ ಪ್ಯಾಡು ಗಟ್ಟಿಯಾಗಿ ಹೊಳಪು ಬಂದೈತೆ. ಕರಕರ ಅಂದ್ರೆ ಪ್ಯಾಡು ಪೂರ್ತಿ ಸವೆದು, ಹಿಂದಿನ ತಗಡು ಡಿಸ್ಕನ್ನ ತಿಂತಾ ಐತೆ. ಟಕ್ ಅಂದ್ರೆ ಪಿನ್ನು ಸಡ್ಲ. ಗೌರಿಬಿದನೂರಿಂದ ಚಿಂತಾಮಣಿ ತಂಕ ಇಂಥ ಕಿವಿ ಇನ್ನೊಂದಿಲ್ಲ. ಬೇಕಾದ್ರೆ ಬೇರೆ ಮೆಕ್ಯಾನಿಕ್‌ಗಳನ್ನ ಕೇಳಿ. ಒಪ್ಕೊಳ್ಳಲ್ಲ, ಅದು ಅವರ ಹೊಟ್ಟೆಕಿಚ್ಚು.

ಒಂದಿನ ಎದುರುಗಡೆ ಟೀ ಅಂಗಡೀಲಿ ಯಾವನೋ ಒಬ್ಬ ನನಗೆ ಕೇಳೋ ಹಂಗೇ, "ಮುದುಕನ ಕಿವಿ ಮೊದ್ಲಿನಂಗಿಲ್ಲ ಕಣ್ರೋ" ಅಂದ. ನನಗೆ ಉರೀತು. ಲೋಟ ಕುಕ್ಕಿ ಎದ್ದು ನಿಂತು, "ನಾನು ಸರಿ ಮಾಡಿದ ಬ್ರೇಕು ತಿರುಗಿ ಕೀಂ ಅಂದ್ರೆ ಈ ಮೀಸೆ ಬೋಳಿಸ್ಕೊಂಡು ಇದೇ ಬೆಂಚ್ ಮೇಲೆ ಕೂತ್ಕೋತೀನಿ, ತಿಳ್ಕೋ!" ಅಂದೆ. ಸಾಮಾನ್ಯ ಮೀಸೆ ಅಲ್ಲ ಅದು. ಮದುವೆಗೆ ಮುಂಚಿಂದ ಐತೆ. ನನ್ನ ಮೇಲ್ದುಟಿ ಹೆಂಗೈತೆ ಅಂತ ನನ್ನ ಹೆಂಡ್ತೀನೇ ಕಂಡಿಲ್ಲ.

ಪಕ್ಕದಲ್ಲೇ ಕಟಿಂಗ್ ಶಾಪು. ಅದರೋನು ಬಾಗ್ಲಿಂದ ತಲೆ ಹಾಕಿ, "ಯಜಮಾನ್ರೇ, ಹೊಸ ಬ್ಲೇಡ್ ತೆಗೆದಿಟ್ಟಿರ್ತೀನಿ" ಅಂದ. ಅವತ್ತಿಂದ ನನ್ನ ಗ್ಯಾರೇಜಿಂದ ಗಾಡಿ ಹೊರಡೋದೇ ತಡ, ಅರ್ಧ ಶೇವಿಂಗ್ ಆಗಿರೋ ಗಿರಾಕೀನ ಹಂಗೇ ಬಿಟ್ಟು ಬಂದು ಕಿವಿ ಕೊಟ್ಕೊಂಡು ನಿಂತ್ಕೋತಾನೆ.

ಮೇಷ್ಟ್ರು ತಂದ ರೇಸ್ ಪ್ಯಾಡು

ರಿಟೈರ್ಡ್ ಮೇಷ್ಟ್ರು ಒಬ್ರು ಬಂದ್ರು. ಕೈಯಲ್ಲಿ ಒಂದು ಡಬ್ಬಿ, ಇನ್ನೊಂದು ಕೈಯಲ್ಲಿ ಫೋನು.

"ನೋಡಪ್ಪಾ, ಈ ಪ್ಯಾಡು ಫಾರಿನ್‌ದು. ರೇಸ್ ಗಾಡಿಗಳಿಗೆ ಹಾಕೋದು. ಆನ್‌ಲೈನಲ್ಲಿ ತರ್ಸಿದೀನಿ. ಹೆಂಗೆ ಹಾಕ್ಬೇಕು ಅಂತ ಈ ವಿಡಿಯೋ ನೋಡ್ಕೋ."

ನಾನು ಹಾಕಿರೋ ಪ್ಯಾಡುಗಳನ್ನ ಜೋಡಿಸಿದ್ರೆ ನಂದಿ ಬೆಟ್ಟಕ್ಕೆ ಮೆಟ್ಲು ಕಟ್ಬೋದು. ನನಗೆ ವಿಡಿಯೋ ತೋರಿಸ್ತಾರೆ!

"ಮೇಷ್ಟ್ರೇ, ಈ ಪ್ಯಾಡು ಚೆನ್ನಾಗಿ ಬಿಸಿ ಆದ್ಮೇಲೇ ಹಿಡಿಯೋದು. ತಣ್ಣಗಿದ್ರೆ ಹಿಡಿಯಲ್ಲ, ಊರು ಕೇಳೋ ಹಂಗೆ ಕಿರುಚುತ್ತೆ. ನಿಮ್ಮ ಗಾಡಿಗೆ ಕಂಪ್ನಿ ಪ್ಯಾಡೇ ಸಾಕು" ಅಂದೆ.

"ನೀನು ಎಷ್ಟು ಓದಿದೀಯಪ್ಪಾ?" ಅಂದ್ರು.

"ಮೂರನೇ ಕ್ಲಾಸು. ನಿಮ್ಮಂಥ ಮೇಷ್ಟ್ರು ಹೊಡೆದ್ರು, ಬಿಟ್ಟೆ. ಅದಿರ್ಲಿ, ನೀವು ಎಷ್ಟು ಸ್ಪೀಡಲ್ಲಿ ಹೋಗ್ತೀರಾ?"

"ಮೂವತ್ತು. ಹೈವೇಲಾದ್ರೆ ಮೂವತ್ತೈದು."

"ಹಂಗಾದ್ರೆ ಈ ಪ್ಯಾಡು ಬಿಸಿ ಆಗ್ಬೇಕು ಅಂದ್ರೆ ಮನೇಲೇ ಒಲೆ ಮೇಲಿಟ್ಟು ಕಾಯಿಸ್ಕೊಂಡು ಬರ್ಬೇಕು ಮೇಷ್ಟ್ರೇ."

ಬೇರೆಯೋರ ಹತ್ರ ಹಾಕಿಸ್ಕೊಂಡ್ರು. ಈಗ ಅವರು ವಾಕಿಂಗ್‌ಗೆ ಹೋಗೋ ಪಾರ್ಕ್ ಹತ್ರ ಕಾರು ಬಂದ್ರೆ ನಾಯಿಗಳೆಲ್ಲ ಎದ್ದು ಊಳಿಡ್ತವೆ. ಮೇಷ್ಟ್ರು ಮಾತ್ರ, "ನೋಡಿದ್ರಾ, ಹಾರನ್ ಹೊಡಿಯೋದೇ ಬೇಕಾಗಿಲ್ಲ" ಅಂತಾರಂತೆ.

ಬಲಚಕ್ರದ ಪೂಜೆ

ಮೇಲೂರು ಕಡೆಯೋನು ಒಬ್ಬ ಆಯುಧಪೂಜೆ ಆದ ಮಾರನೇ ದಿನ ಗಾಬ್ರಿ ಬಿದ್ದು ಬಂದ. ಹೊಸ ಕಾರು.

"ಬ್ರೇಕ್ ಹಾಕಿದ್ರೆ ಗಾಡಿ ಎಡಕ್ಕೆ ಎಳೀತೈತೆ ಅಣ್ಣಾ! ನಿನ್ನೆ ತಂಕ ಸರ್ಯಾಗಿತ್ತು. ಯಾರೋ ಏನೋ ಮಾಡ್ಸವ್ರೆ!"

ಯಾರೂ ಏನೂ ಮಾಡ್ಸಿರಲಿಲ್ಲ. ಇವನೇ ಮಾಡ್ಸಿದ್ದ. ಮುಂದಿನ ಬಲಚಕ್ರ ನೋಡಿದೆ. ಅರಿಶಿನ, ಕುಂಕುಮ ಎಲ್ಲಾ ಹರಳೆಣ್ಣೇಲಿ ಕಲಸಿ, ಚಕ್ರದ ಸಂದಿಯಿಂದ ಒಳಗೆ ಕೈ ಹಾಕಿ ಡಿಸ್ಕಿಗೆ ಮೆತ್ತಿದ್ರು. ಮದುವಣಗಿತ್ತಿಗೂ ಯಾರೂ ಅಷ್ಟು ಬಳಿಯಲ್ಲ.

"ಯಾರಯ್ಯಾ ಇದು ಬಳಿದಿದ್ದು?"

"ನಮ್ಮ ಪೂಜಾರಪ್ಪ. ಚಕ್ರದೊಳಗೆ ಹೊಳೀತಿತ್ತಲ್ಲ, ಅದೇ ಮುಖ್ಯವಾದ್ದು ಅಂತ ಅದಕ್ಕೇ ಬಳಿದ್ರು."

ಮುಖ್ಯವಾದ್ದೇ ನಿಜ! ಎಣ್ಣೆ ಕುಡಿದ ಪ್ಯಾಡು ಬಲಗಡೆ ಹಿಡೀತಿಲ್ಲ, ಎಡಗಡೆದು ಹಿಡೀತೈತೆ, ಗಾಡಿ ಎಡಕ್ಕೆ ತಿರುಗ್ತೈತೆ. ಡಿಸ್ಕ್ ತೊಳೀಬೇಕು, ಎಣ್ಣೆ ಇಳಿದಿರೋದ್ರಿಂದ ಎರಡೂ ಕಡೆ ಪ್ಯಾಡು ಜೊತೆಯಾಗೇ ಬದಲಾಯಿಸ್ಬೇಕು ಅಂತ ಬಿಡಿಸಿ ಬಿಡಿಸಿ ಹೇಳ್ದೆ. ಅವನು ಎಲ್ಲಾ ಕೇಳಿ, ತಲೆ ಕೆರ್ಕೊಂಡು ಅಂದ: "ಹಂಗಾದ್ರೆ ಪೂಜಾರಪ್ಪ ಎಡಗಡೇನೂ ಬಳಿದಿದ್ರೆ ಗಾಡಿ ನೆಟ್ಟಗೆ ಹೋಗ್ತಿತ್ತಾ?"

"ಹೋಗ್ತಿತ್ತು ಕಣಪ್ಪಾ. ನೆಟ್ಟಗೆ, ಎಲ್ಲೂ ನಿಲ್ಲದೆ."

ಏನೂ ಬದಲಾಯಿಸದ ರಿಪೇರಿ

ಶಿಡ್ಲಘಟ್ಟದ ರೇಷ್ಮೆಗೂಡು ವ್ಯಾಪಾರಿ. ದೊಡ್ಡ ಕುಳ. "ಬೆಳಿಗ್ಗೆ ಗೂಡು ಮಾರ್ಕೆಟ್ಟಿಗೆ ಹೊರಟಾಗ ಬ್ರೇಕು ಮುಟ್ಟಿದ್ರೆ ಸಾಕು, ಗಕ್ ಅಂತ ಹಿಡಿದು ಮೂಗು ಗಾಜಿಗೆ ಹೊಡಿಸ್ತೈತೆ. ಆಮೇಲೆ ಸರಿ ಹೋಗ್ತೈತೆ" ಅಂದ.

"ಸಾಯಂಕಾಲ ಗಾಡಿ ತೊಳೀತೀರಾ?"

"ದಿನಾ ತೊಳಿಸ್ತೀನಿ."

"ತೊಳೆದು, ಹ್ಯಾಂಡ್ ಬ್ರೇಕ್ ಎಳೆದು ನಿಲ್ಲಿಸ್ತೀರಾ?"

"ಮತ್ತೆ? ಓಡಿ ಹೋಗ್ಲಿ ಅಂತ ಬಿಡ್ಲಾ?"

ಅಷ್ಟೇ ವಿಷ್ಯ. ಹಿಂದಿನ ಚಕ್ರದ ಬ್ರೇಕ್ ಡ್ರಮ್ಮಲ್ಲಿ ನೀರು ನಿಂತು ತುಕ್ಕು ಕೂರುತ್ತೆ, ಬೆಳಿಗ್ಗೆ ಎರಡು ಸಲ ಗಕ್ ಅಂತೈತೆ, ಉಜ್ಜಿ ಹೋದ್ಮೇಲೆ ಸುಮ್ನಾಗುತ್ತೆ. ಆದ್ರೂ ಡ್ರಮ್ ಬಿಚ್ಚಿ ನೋಡಿದೆ. ಎಣ್ಣೆ ಸೋರಿಲ್ಲ, ಲೈನಿಂಗ್ ಹೊಸದರಂಗೇ ಐತೆ. "ತೊಳೆದ್ಮೇಲೆ ಒಂದು ರೌಂಡ್ ಓಡಿಸಿ, ಬ್ರೇಕ್ ತುಳಿದು ಒಣಗಿಸಿ ನಿಲ್ಸಿ. ಏನೂ ಹಾಕೋದು ಬೇಡ" ಅಂದೆ.

ಅವನ ಮುಖ ಇಳೀತು. "ಏಮೀ ಮಾರ್ಚಲೇದಾ?" ಅಂದ. ಏನೂ ಬದಲಾಯಿಸ್ಲಿಲ್ವಾ ಅಂತ ತೆಲುಗಲ್ಲೇ ಬೇಜಾರು ಮಾಡ್ಕೊಂಡ. "ನಮ್ಮೂರೋನು ಆಗಿದ್ರೆ ಇಷ್ಟೊತ್ತಿಗೆ ನಾಲ್ಕು ಸಾಮಾನು ಬದಲಾಯಿಸ್ತಿದ್ದ. ನಿನಗೆ ವಯಸ್ಸಾಯ್ತು ಬಿಡು" ಅಂತ ಬೇರೆ ಅಂದ!

ಸುಳ್ಳು ಹೇಳ್ದೆ ಕೆಲ್ಸ ಮಾಡಿದ್ದಕ್ಕೆ ಬೈಸ್ಕೊಂಡೆ ನೋಡಿ. ನನಗೂ ಸಿಟ್ಟು ಬಂತು. ಅವನನ್ನ ಟೀಗೆ ಕಳಿಸಿ, ಸುತ್ತಿಗೆ ತಗೊಂಡು, ಗಾಡಿ ಪಕ್ಕದಲ್ಲಿದ್ದ ಖಾಲಿ ಆಯಿಲ್ ಡ್ರಮ್ಮಿಗೆ ಹತ್ತು ನಿಮಿಷ ಹೊಡೆದೆ. ಬಂದು ಗಾಡಿ ಓಡಿಸಿ ನೋಡಿದ. ಮಧ್ಯಾಹ್ನ ಹೆಂಗೂ ಗಕ್ ಅನ್ನಲ್ಲ. ಇಳಿದು ನನ್ನ ಬೆನ್ನು ತಟ್ಟಿ, "ಏಟಿನ ಮೇಲೆ ಏಟು ಬಿದ್ದಾಗ್ಲೇ ಅನ್ಕೊಂಡೆ, ಈಗ ಕೆಲ್ಸ ನಡೀತೈತೆ ಅಂತ" ಅಂದ.

ಒರಿಜಿನಲ್ ಡಬ್ಬಿ

ಇದು ಚಿಕ್ಕದು. ಆದ್ರೆ ನೆನೆಸ್ಕೊಂಡ್ರೆ ಈಗಲೂ ಮೈ ಉರಿಯುತ್ತೆ.

ಚಿಂತಾಮಣೀಲಿ ಒಬ್ಬ ಬಿಡಿಭಾಗದ ಅಂಗಡಿಯೋನು. ಅವನ ಹತ್ರ ತಂದ ಪ್ಯಾಡು ಹಾಕಿ ಓಡಿಸಿದ್ರೆ ಎರಡೇ ವಾರಕ್ಕೆ ಬಿಸ್ಕೆಟ್ಟಂಗೆ ಉದುರಿತು. ಪುಣ್ಯಕ್ಕೆ ಶಬ್ದ ಮಾಡೋಕ್ಮುಂಚೆ ನಾನೇ ನೋಡಿದೆ, ಇಲ್ದಿದ್ರೆ ಮೀಸೆ ಹೋಗ್ತಿತ್ತು. ಹೋಗಿ ಅವನ ಟೇಬಲ್ ಮೇಲೆ ಪುಡಿ ಸುರಿದೆ.

"ಡಬ್ಬಿ ನೋಡಣ್ಣಾ, ಪ್ರಿಂಟು, ಸ್ಟಿಕ್ಕರು, ಎಲ್ಲಾ ಒರಿಜಿನಲ್ಲು" ಅಂದ.

"ಹಂಗಾದ್ರೆ ಮುಂದಿನ ಸಲ ಡಬ್ಬೀನೇ ಹಾಕ್ತೀನಿ ಬಿಡು. ಅದೇ ಗಟ್ಟಿಯಾಗೈತೆ."

ಆರು ತಿಂಗಳಾದ್ಮೇಲೆ ಅದೇ ಆಸಾಮಿ ತನ್ನ ಕಾರು ತಗೊಂಡು ನನ್ನ ಹತ್ರಾನೇ ಬಂದ. ಪ್ಯಾಡು ಬದಲಾಯಿಸ್ಬೇಕಂತೆ. ಹತ್ರ ಬಂದು ಮೆಲ್ಲಗೆ ಒಂದು ಪೊಟ್ಣ ಕೈಗಿಟ್ಟ. "ಅಣ್ಣಾ, ಹೆಂಡ್ತಿ ಮಕ್ಳು ಓಡಾಡೋ ಗಾಡಿ. ಇದು ಕಂಪ್ನಿ ಶೋರೂಮಿಂದ ತಂದಿರೋದು. ದಯವಿಟ್ಟು ಮರೆತು ನಮ್ಮ ಅಂಗಡೀದು ಹಾಕ್ಬಿಟ್ಟೀಯಾ!"

ಬೀಗ್ರ ಕಾರು

ಎಲ್ಲರ ಹತ್ರಾನೂ ಗೆದ್ದ ಮೀಸೆ, ಮನೆಯೋರ ಹತ್ರಾನೇ ಸಿಕ್ಕಿಬಿತ್ತು.

ನನ್ನ ಮಗಳನ್ನ ಕೊಟ್ಟಿರೋದು ಗೌರಿಬಿದನೂರು ಕಡೆ ನಗರಗೆರೆಗೆ. ಒಂದು ಭಾನುವಾರ ಬೀಗ್ರು, ಬೀಗಿತ್ತಿ, ಮೊಮ್ಮಗು ಕಾರಲ್ಲಿ ಬಂದ್ರು. ಬ್ರೇಕು ಕೀಂ ಕೀಂ ಅಂತಿತ್ತು. ಪ್ಯಾಡು ಹೊಳಪು ಬಂದಿತ್ತು, ಸವೆದೂ ಇತ್ತು. ಹೊಸದು ಹಾಕಿ, ಡಿಸ್ಕ್ ಉಜ್ಜಿ, ಪಿನ್ನಿಗೆ ಗ್ರೀಸ್ ಬಳಿದು ಒಬ್ನೇ ಒಂದು ರೌಂಡ್ ಹೋಗಿ ಬಂದೆ. ಬೆಣ್ಣೆ! ಸೊಲ್ಲಿಲ್ಲ.

ಅಷ್ಟರಲ್ಲಿ ಮೊಮ್ಮಗು ಒಂದು ಚಪ್ಪಲಿ ಕಳ್ಕೊಂಡು ಅಳ್ತಿತ್ತು. ಹೆಜ್ಜೆ ಇಟ್ರೆ ಪೀಂ ಪೀಂ ಅನ್ನೋ ಚಪ್ಪಲಿ, ನಾನೇ ಮುರುಗಮಲ್ಲದಲ್ಲಿ ಕೊಡಿಸಿದ್ದು. ಮಗೂನ ಹೆಂಡ್ತಿ ಹತ್ರ ಬಿಟ್ಟು, "ಬನ್ನಿ, ನನ್ನ ಕೆಲ್ಸ ನೋಡಿ" ಅಂತ ಬೀಗ್ರನ್ನ, ಬೀಗಿತ್ತೀನ ಹತ್ತಿಸ್ಕೊಂಡೆ. ಬೀಗಿತ್ತಿಗೆ ಹಿಂದೆ ಕೂತ್ರೆ ವಾಂತಿ, ಅದಕ್ಕೆ ಮುಂದೆ ನನ್ನ ಪಕ್ಕ ಕೂತ್ರು. ಮೊದ್ಲನೇ ಹಂಪ್ ಬಂತು. ಬ್ರೇಕ್ ಹಾಕ್ದೆ.

ಕೀಂ!

ನನ್ನ ಕೈ ಮೀಸೆಗೆ ಹೋಯ್ತು. ಬೀಗ್ರು ಹಿಂದಿಂದ, "ಇದೇನು ಬೀಗ್ರೇ, ಹೊಸ ಪ್ಯಾಡಿಗೆ ಹೊಸ ರಾಗಾನಾ?" ಅಂದ್ರು.

ವಾಪಸ್ ಬಂದು ಇನ್ನೊಂದು ಸಲ ಬಿಚ್ಚಿದೆ. ಒಬ್ನೇ ಓಡಿಸಿದೆ, ಶಬ್ದ ಇಲ್ಲ. ಇವರಿಬ್ರನ್ನ ಹತ್ತಿಸಿದೆ, ಕೀಂ!

"ಭಾರ ಬಿದ್ರೆ ಬತ್ತೈತೆ ಬೀಗ್ರೇ. ಹಿಂದೆ ಭಾರ ಜಾಸ್ತಿ" ಅಂದೆ.

"ನಾನು ದಪ್ಪ ಅಂತೀರಾ? ನಿಮ್ಮನೆ ಊಟ ಇನ್ನೂ ಮಾಡೇ ಇಲ್ವಲ್ರೀ!"

ನೋಡೇಬಿಡಣ ಅಂತ ಇಬ್ರನ್ನೂ ಇಳಿಸಿ, ಬೀಗ್ರ ಜಾಗದಲ್ಲಿ ಎರಡು ಮೂಟೆ ಸಿಮೆಂಟ್ ಇಟ್ಟು, ಒಬ್ನೇ ಓಡಿಸಿದೆ. ಸೊಲ್ಲಿಲ್ಲ. "ಸಿಮೆಂಟಿಗಿರೋ ಮರ್ಯಾದೆ ನನಗಿಲ್ವಾ?" ಅಂತ ಬೀಗ್ರು ಕೆಂಪಗಾದ್ರು. ನಾನು ಹಾಕಿದ್ದ ಪ್ಯಾಡು ಕಿತ್ತು ಕಂಪ್ನೀದೇ ಇನ್ನೊಂದು ಜೊತೆ ಹಾಕ್ದೆ. ಡಿಸ್ಕೂ ಹೊಸದು ಹಾಕ್ದೆ. ಕಟಿಂಗ್ ಶಾಪಿನೋನು ಅಂಗಡೀಗೆ ಬಾಗ್ಲು ಹಾಕಿ, ಹೆಗಲ ಮೇಲೆ ಟವೆಲ್ಲು, ಕೈಯಲ್ಲಿ ಸೋಪಿನ ಬಟ್ಲು ಹಿಡ್ಕೊಂಡು ಬಂದ. ಟೀ ಅಂಗಡಿ ಬೆಂಚಿನೋರು ಎದ್ದು ನಿಂತ್ರು. ನಾನು ಕೂರೋಕೆ ಅಂತ ಬೆಂಚನ್ನ ಆಗ್ಲೇ ಒರೆಸ್ತಾ ಇದ್ರು, ನನ್ನ ಮಕ್ಳು!

"ನಾನೂ ಬತ್ತೀನಿ, ಸಾಕ್ಷಿಗೆ" ಅಂತ ಕಟಿಂಗ್ ಶಾಪಿನೋನು ಬೀಗ್ರ ಪಕ್ಕ ಹತ್ತಿದ. ಬೀಗಿತ್ತಿ ಮಾಮೂಲಾಗಿ ಮುಂದೆ. ಹೊರಟ್ವಿ. ನನ್ನ ಕೈ ಸ್ಟೀರಿಂಗ್ ಮೇಲೆ, ಮನಸ್ಸು ಮೀಸೆ ಮೇಲೆ. ಒಂದು ಕುರಿ ಮಂದೆ ದೂರದಲ್ಲಿ ರೋಡಿಗೆ ಇಳೀತು. ಇನ್ನೂ ದೂರ ಐತಲ್ಲ ಅಂತ ನಾನು ಬ್ರೇಕ್ ಮೇಲೆ ಕಾಲೇ ಇಟ್ಟಿರ್ಲಿಲ್ಲ.

ಕೀಂ!

"ಬಂತು ಯಜಮಾನ್ರೇ!" ಅಂತ ಹಿಂದಿನೋನು ಬಟ್ಲಲ್ಲಿ ಸೋಪು ಕಲಸೋಕೇ ಶುರು ಮಾಡ್ದ.

"ಸುಮ್ಕಿರೋ! ನಾನಿನ್ನೂ ಬ್ರೇಕೇ ತುಳಿದಿಲ್ಲ!" ಅಂತ ಕೂಗಿ ಗಾಡಿ ಪಕ್ಕಕ್ಕೆ ಹಾಕ್ದೆ. ಶಬ್ದ ಬಂದಿದ್ದು ಎಡಗಡೆಯಿಂದ, ಅದೂ ಗಾಡಿ ಒಳಗಿಂದ. ತಿರುಗಿ ನೋಡಿದೆ. ಬೀಗಿತ್ತಿ ಎರಡು ಕೈಯಲ್ಲೂ ಸೀಟು ಗಟ್ಟಿಯಾಗಿ ಹಿಡ್ಕೊಂಡು, ಕಣ್ಣು ಮುಚ್ಕೊಂಡು, ಬಲಗಾಲನ್ನ ನೆಲಕ್ಕೆ ಒತ್ತಿ ಹಿಡಿದಿದ್ರು. ಅವರು ಕಾಲು ತೆಗೆದ್ಮೇಲೆ ಮ್ಯಾಟ್ ಎತ್ತಿದೆ. ಅಡೀಲಿ ಮೊಮ್ಮಗೂನ ಚಪ್ಪಲಿ! ನಾನು ಪ್ಯಾಡ್ ಮೇಲೆ ಪ್ಯಾಡು ಬದಲಾಯಿಸ್ತಿದ್ರೆ, ಬೀಗಿತ್ತಿ ಹಂಪ್ ಹಂಪಿಗೂ ನನಗಿಂತ ಮುಂಚೆ ಅದನ್ನ ತುಳೀತಿದ್ರು.

"ಅಮ್ಮಾ, ಅಲ್ಲಿ ಬ್ರೇಕೇ ಇಲ್ವಲ್ಲಮ್ಮಾ! ಯಾಕೆ ತುಳೀತೀರಾ?" ಅಂದೆ.

ಬೀಗಿತ್ತಿ ಸೆರಗು ಸರಿ ಮಾಡ್ಕೊಂಡು ಅಂದ್ರು: "ಇರೋ ಬ್ರೇಕನ್ನ ನೀವು ಮೂರು ಸಲ ಬಿಚ್ಚಿದ್ದು ಕಣ್ಣಾರೆ ನೋಡಿದೀನಲ್ಲ ಬೀಗ್ರೇ. ನನ್ನ ಧೈರ್ಯಕ್ಕೆ ನಾನು ಒಂದು ತುಳ್ಕೊಂಡೆ."

ಕಟಿಂಗ್ ಶಾಪಿನೋನು ಸೋಪಿನ ಬಟ್ಲನ್ನ ರೋಡಿಗೆ ಚೆಲ್ಲಿ, ಸುಮ್ನೆ ಒಂದು ಭಾನುವಾರ ಹೋಯ್ತು ಅಂತ ಗೊಣಗಿದ. ಮೀಸೆ ಉಳೀತು.

ಈಗ ಬೀಗ್ರು ನಗರಗೆರೇಲೆಲ್ಲ, ತಮ್ಮ ಕಾರಲ್ಲಿ ಎರಡು ಬ್ರೇಕ್ ಅವೆ ಅಂತ ಹೇಳ್ಕೊಂಡು ತಿರುಗ್ತಾರೆ. ಕೀಂ ಅನ್ನೋದು ಅವರ ಹೆಂಡ್ತೀದು, ನನ್ನದು ಸೊಲ್ಲೆತ್ತಲ್ಲ, ಅದನ್ನೂ ಸೇರಿಸಿ ಹೇಳ್ರೀ ಅಂದ್ರೆ ಅದೊಂದು ಹೇಳಲ್ಲ. ಹೇಳೋಣ ಅಂದ್ರೆ ಹೆಂಡ್ತಿ ಪಕ್ಕದಲ್ಲೇ ಕೂತಿರ್ತಾರಂತೆ.